ತವೆರ್ನೋಲನ ನಾಯಿ

ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಕಲೆಯ ಇತಿಹಾಸ ಓದುತ್ತೇನೆ ಎಂದು ನೋರೀನ್ ಕುಬಿಚೆಕ್ ಹೇಳಿದಾಗ ನೆಬ್ರಾಸ್ಕಾದಲ್ಲಿದ್ದ ಅವಳ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ಅವರೇ ಓದಿ ಮುಗಿಸಿಲ್ವಾ?" ಜೋಳದ ಹೊಲಗಳಿಗೆ ನೀರು ಹಾಯಿಸುವ ಕೊಳವೆ ಮಾರುವ ಮನುಷ್ಯ ಆತ, ಒಬ್ಬರು ಮಾಡಿ ಮುಗಿಸಿದ ಕೆಲಸವನ್ನು ಇನ್ನೊಬ್ಬರು ದುಡ್ಡು ಕೊಟ್ಟು ಮಾಡುವುದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ನೋರೀನ್ ಓದುತ್ತಿದ್ದ ಕಾಲೇಜಿನವರು ನುಣುಪು ಕಾಗದದ ಕರಪತ್ರದಲ್ಲಿ, ಐಫೆಲ್ ಗೋಪುರದ ಚಿತ್ರದ ಕೆಳಗೆ, "ಕಲಾಕೃತಿಗಳ ಎದುರಿಗೇ ನಿಂತು ಪಾಠ" ಎಂದು ಅಚ್ಚು ಹಾಕಿಸಿದ್ದರು. ಆ ಮಾತನ್ನು ನಂಬಿದವಳು ಇಡೀ ತಂಡದಲ್ಲಿ ಅವಳೊಬ್ಬಳೇ. ಉಳಿದವರು ವೈನ್ ಕುಡಿಯಲು ತಮ್ಮ ದೇಶದಲ್ಲಿ ವಯಸ್ಸು ಸಾಲದೆ ಬಂದವರು.

ಸಾವಿರದ ಒಂಬೈನೂರ ಎಂಬತ್ತೇಳರ ಸೆಪ್ಟೆಂಬರಿನಲ್ಲಿ ಪಾಠ ಶುರುವಾಯಿತು. ಮಂಗಳವಾರ ತರಗತಿ, ಶುಕ್ರವಾರ ಮ್ಯೂಸಿಯಂ. ತರಗತಿ ನಡೆಯುತ್ತಿದ್ದದ್ದು ಸಾಂ-ಸುಲ್ಪೀಸ್ ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಹಿಂದೊಮ್ಮೆ ವೈನ್ ವ್ಯಾಪಾರಿಯ ಉಗ್ರಾಣವಾಗಿದ್ದ ನೆಲಮಾಳಿಗೆಯಲ್ಲಿ. ದೀಪ ಆರಿಸಿ ಸ್ಲೈಡ್ ಯಂತ್ರ ಹಚ್ಚುತ್ತಿದ್ದರು. ಅದು ಗರ್ರೆನ್ನುತ್ತ ಒಂದೊಂದೇ ಚಿತ್ರವನ್ನು ಗೋಡೆಗೆ ಉಗುಳುತ್ತಿತ್ತು. ರಾಜರು, ರಾಣಿಯರು, ಮೈಮೇಲೆ ಬಟ್ಟೆಯಿಲ್ಲದ ದೇವತೆಗಳು, ಸತ್ತ ಮೊಲಗಳು, ಹೀಗೆ ಫ್ರಾನ್ಸಿನ ಮೂರು ಶತಮಾನಗಳು ಹಿಂದಿನ ಬೆಂಚಿನವರ ನಿದ್ದೆಯ ಮೇಲೆ ಸದ್ದಿಲ್ಲದೆ ಹಾದುಹೋಗುತ್ತಿದ್ದವು. ಶುಕ್ರವಾರದ ಭೇಟಿಗಳಲ್ಲಿ ನಿದ್ದೆಗೆ ಅವಕಾಶವಿರಲಿಲ್ಲ, ಯಾಕೆಂದರೆ ಓಡಬೇಕಾಗಿತ್ತು. ಮೇಷ್ಟ್ರು ಮುಂದೆ, ಮಕ್ಕಳು ಹಿಂದೆ. ಅವರು ಗಕ್ಕನೆ ನಿಂತು "ನೋಡಿ!" ಎಂದು ಚಿತ್ರಕ್ಕೆ ಅಡ್ಡಲಾಗಿ ಕೈ ಚಾಚುವರು. ಎಲ್ಲರೂ ಅವರ ಕಾರ್ಡುರಾಯ್ ಕೋಟಿನ ಬೆನ್ನನ್ನು ನೋಡುವರು. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಕೋಣೆಯಲ್ಲಿ ಇರುವರು.

ಈ ಮೇಷ್ಟ್ರ ಹೆಸರು ಗಾಯೆತಾನ್ ವೆರ್ದೆಲಾನ್. ಐವತ್ತು ದಾಟಿದ್ದರು. ಕುತ್ತಿಗೆಗೆ ಸದಾ ಮಫ್ಲರ್, ಬೆರಳಲ್ಲಿ ಹಚ್ಚದ ಸಿಗರೇಟು, ಮುಖದಲ್ಲಿ ತನಗೆ ಸಿಗಬೇಕಾದ ಹುದ್ದೆ ಇನ್ಯಾರಿಗೋ ಸಿಕ್ಕಿತೆಂಬ ನೋವು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೂರಬೇಕಾದವರು ಅಮೆರಿಕದ ಮಕ್ಕಳಿಗೆ ಪಾಠ ಹೇಳುವ ಸ್ಥಿತಿಗೆ ಇಳಿದಿದ್ದರು. ಈ ಇಳಿತದ ಎಲ್ಲ ಖಾರವನ್ನೂ ಅಂಕ ಕೊಡುವಾಗ ತೀರಿಸಿಕೊಳ್ಳುತ್ತಿದ್ದರು. ಇಪ್ಪತ್ತಕ್ಕೆ ಹನ್ನೆರಡು ಕೊಟ್ಟರೆಂದರೆ ಮೇಷ್ಟ್ರಿಗೆ ಹಿಂದಿನ ರಾತ್ರಿ ಊಟ ರುಚಿಸಿದೆ ಎಂದರ್ಥ.

ಅವರ ಜೀವಮಾನದ ಸಾಧನೆಯೆಂದರೆ ಒಂದು ನಾಯಿ. ಹದಿನೆಂಟನೇ ಶತಮಾನದಲ್ಲಿ ಆನ್ಸೆಲ್ಮ್ ತವೆರ್ನೋಲ್ ಎಂಬ ಚಿತ್ರಕಾರನಿದ್ದ. ಬದುಕಿದ್ದಾಗ ಅವನನ್ನು ಯಾರೂ ಅಷ್ಟಾಗಿ ಕೇಳಲಿಲ್ಲ, ಸತ್ತ ಮೇಲೆ ಅದೂ ನಿಂತಿತು. ಹೀಗಾಗಿ ಅವನ ಮೇಲೆ ಸಂಶೋಧನೆ ಮಾಡುವುದಕ್ಕೆ ಪೈಪೋಟಿ ಇರಲಿಲ್ಲ. ಅವನ 'ಫಲಾಹಾರ' ಎಂಬ ಚಿತ್ರದಲ್ಲಿ ಹಳದಿ ರೇಷ್ಮೆಯ ಹೆಂಗಸೊಬ್ಬಳು ಪುಟ್ಟ ಮೇಜಿನ ಮುಂದೆ ಕೂತಿದ್ದಾಳೆ. ಕೈಯಲ್ಲಿ ಚಾಕೊಲೇಟಿನ ಬಟ್ಟಲು. ಎದುರಿಗೆ ಕಪ್ಪುಡುಗೆಯ ಪಾದ್ರಿ ಮುಂದಕ್ಕೆ ಬಾಗಿ ಏನೋ ಹೇಳುತ್ತಿದ್ದಾನೆ. ಎಡಗಡೆ ಅರ್ಧ ತೆರೆದ ಬಾಗಿಲಲ್ಲಿ ತಟ್ಟೆ ಹಿಡಿದ ಕೆಲಸದ ಹುಡುಗಿ. ಅವಳ ಲಂಗದ ಅಂಚಿನ ಮುಂದೆ, ಚಿತ್ರದ ಮೂಲೆಯಲ್ಲಿ, ಒಂದು ಬಿಳಿ ನಾಯಿ. ವೆರ್ದೆಲಾನ್ ಮೇಷ್ಟ್ರು ದಪ್ಪ ಪುಸ್ತಕವೊಂದನ್ನು ಬರೆದದ್ದು ಆ ನಾಯಿಯ ಮೇಲೆ.

"ನಾಯಿ ಯಾರಿಗೆ ಬೆನ್ನು ಹಾಕಿದೆ?" ಎಂದು ಕತ್ತಲಲ್ಲಿ ಕೋಲಿನಿಂದ ಗೋಡೆ ಕುಟ್ಟಿ ಕೇಳುವರು. "ಪಾದ್ರಿಗೆ! ಅಂದ್ರೆ ನಿಷ್ಠೆ ಧರ್ಮಕ್ಕೆ ಬೆನ್ನು ಹಾಕಿದೆ. ಮೂಗು ಯಾವ ಕಡೆಗಿದೆ? ಬಾಗಿಲ ಕಡೆಗೆ! ಬಾಗಿಲಾಚೆ ಏನು ಬರ್ತಾ ಇದೆ?"

"ಹಾಲಿನವನಾ?" ಎಂದ ಹಿಂದಿನ ಬೆಂಚಿನವನೊಬ್ಬ, ಆಗಷ್ಟೇ ಎಚ್ಚರವಾಗಿ.

"ಕ್ರಾಂತಿ!" ಎಂದರು ಮೇಷ್ಟ್ರು.

ಚಿತ್ರ ಬರೆದಾಗ ಕ್ರಾಂತಿ ಬರುವುದಕ್ಕೆ ಇನ್ನೂ ನಲವತ್ತು ವರ್ಷವಿತ್ತು. ನಾಯಿಗೆ ಆಗಲೇ ವಾಸನೆ ಹತ್ತಿತ್ತು. ಎಲ್ಲರೂ ಬರೆದುಕೊಂಡರು.

ಶಿಕಾಗೋದ ಬ್ಲೇರ್ ವಿನ್‌ಥ್ರಪ್ ಮಾತ್ರ ಬರೆದುಕೊಳ್ಳಲಿಲ್ಲ. ನೋರೀನ್ ಜೊತೆ ಆರನೇ ಮಹಡಿಯ ಕೋಣೆ ಹಂಚಿಕೊಂಡಿದ್ದ ಈ ಹುಡುಗಿಯ ಅಕ್ಕ ಮೂರು ವರ್ಷದ ಹಿಂದೆ ಇದೇ ಮೇಷ್ಟ್ರ ಕೈಕೆಳಗೆ ಓದಿದ್ದಳು. ಹಾಗಾಗಿ ಬೇಕಾದ ವಿದ್ಯೆಯೆಲ್ಲ ಬ್ಲೇರ್‌ಗೆ ಮನೆಯಲ್ಲೇ ಆಗಿತ್ತು. "ನೋಡೇ, ಏನು ಕೇಳಿದ್ರೂ ನಾಯಿ ಬರಿ," ಎಂದು ನೋರೀನ್‌ಗೆ ಉಪದೇಶ ಮಾಡಿದಳು. "ಅರಮನೆ ಬಗ್ಗೆ ಕೇಳಿದ್ರೂ ಕೊನೇಲಿ ಒಂದು ನಾಯಿ ತಂದು ಕಟ್ಟು. ಅಕ್ಕ ಹಾಗೇ ಪಾಸಾಗಿದ್ದು."

ಅಕ್ಟೋಬರಿನಲ್ಲಿ, ಮರೇ ಎಂಬ ಹಳೆಯ ಬಡಾವಣೆಯಲ್ಲಿ ಆ ಚಿತ್ರವಿದ್ದ ಸಣ್ಣ ಮ್ಯೂಸಿಯಂ, ರಿಪೇರಿಗೆಂದು ಎರಡು ವರ್ಷ ಮುಚ್ಚಿದ್ದು, ಮತ್ತೆ ಬಾಗಿಲು ತೆರೆಯಿತು. ಮೇಷ್ಟ್ರು ಆ ವಾರದ ಶುಕ್ರವಾರದ ಓಟ ರದ್ದು ಮಾಡಿ ಒಂದು ಕೆಲಸ ಕೊಟ್ಟರು: ಒಬ್ಬೊಬ್ಬರೇ ಹೋಗಿ, 'ಫಲಾಹಾರ'ದ ಎದುರು ಒಂದು ಗಂಟೆ ಕೂತು, ಕಂಡದ್ದನ್ನು ಬರೆದು ತರಬೇಕು. "ಪುಸ್ತಕ ಬೇಡ. ನನ್ನ ಮಾತೂ ಬೇಡ. ನಿಮ್ಮ ಕಣ್ಣು ಸಾಕು," ಎಂದರು. ತಾವು ಮಾತ್ರ ಬರಲೊಲ್ಲೆ ಎಂದರು. ಆ ಮ್ಯೂಸಿಯಮ್ಮಿನ ಕ್ಯುರೇಟರ್ ಮದಾಮ್ ಕಾಂತೆಲ್ ಎಂಬಾಕೆ ಯಾವುದೋ ಸಭೆಯಲ್ಲಿ, ನಾಲ್ಕು ಜನರೆದುರು, ಆ ನಾಯಿ ದಿಂಬಿನ ಹಾಗಿದೆ ಎಂದಿದ್ದಳಂತೆ. ಅಂದಿನಿಂದ ಮೇಷ್ಟ್ರು ಅವಳ ಹೊಸ್ತಿಲು ತುಳಿದಿರಲಿಲ್ಲ. "ನನಗೆ ಆ ಚಿತ್ರ ಕಣ್ಣು ಮುಚ್ಚಿದ್ರೂ ಕಾಣುತ್ತೆ," ಎಂದರು. ನಿಜವೇ, ಕಣ್ಣು ಮುಚ್ಚಿದವರಿಗೆ ಮಾತ್ರ ಕಾಣುವ ಚಿತ್ರ ಅದಾಗಿತ್ತೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಇಡೀ ತಂಡ ಮರೇಗೆ ಹೋಯಿತು. ಆದರೆ ಮ್ಯೂಸಿಯಮ್ಮಿಗೆ ಸ್ವಲ್ಪ ಮುಂಚೆ, ಮೂಲೆಯಲ್ಲಿ, ಒಂದು ಕೆಫೆ ಇತ್ತು. ಬ್ಲೇರ್ ಓಡಿಹೋಗಿ ಮ್ಯೂಸಿಯಮ್ಮಿನ ಬಾಗಿಲಲ್ಲೇ ಇದ್ದ ಅಂಗಡಿಯಿಂದ 'ಫಲಾಹಾರ'ದ ಒಂದು ಪೋಸ್ಟ್‌ಕಾರ್ಡ್ ಕೊಂಡು ತಂದಳು. ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಎಲ್ಲರೂ ಸುತ್ತ ಕೂತು, ಬಿಸಿ ಚೀಸ್ ಬ್ರೆಡ್ ತಿನ್ನುತ್ತ, ಕಲಾಕೃತಿಯ ಎದುರಿಗೇ ಪಾಠ ಮುಗಿಸಿದರು.

"ಬಾರೇ ನೋರೀನ್, ಇಲ್ಲೂ ಅದೇ ಚಿತ್ರ," ಎಂದಳು ಬ್ಲೇರ್.

"ಮೇಷ್ಟ್ರು ಅಲ್ಲಿ ಕೂತು ನೋಡಿ ಅಂದಿದಾರಲ್ಲ."

"ಅವರು ಬೆಳಗ್ಗೆ ಬೇಗ ಏಳಿ ಅಂತಾನೂ ಅಂದಿದಾರೆ, ಮಾರಾಯ್ತಿ."

ನೋರೀನ್ ಒಳಗೆ ಹೋದಳು. ಇದರಲ್ಲಿ ದೊಡ್ಡಸ್ತಿಕೆ ಏನೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ರೋಗ ಅವಳಿಗೆ ಚಿಕ್ಕಂದಿನಿಂದ ಇತ್ತು. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಚಿತ್ರ ಸಿಕ್ಕಿತು. ಹಳದಿ ರೇಷ್ಮೆ ಇತ್ತು, ಪಾದ್ರಿ ಇದ್ದ, ಕೆಲಸದ ಹುಡುಗಿ ಇದ್ದಳು. ನಾಯಿ ಇರಲಿಲ್ಲ. ಅವಳು ಹತ್ತಿರ ಹೋಗಿ ನೋಡಿದಳು, ದೂರ ಬಂದು ನೋಡಿದಳು, ಚೌಕಟ್ಟಿನ ಕೆಳಗಿನ ಹೆಸರು ಓದಿದಳು. ಹೆಸರು ಸರಿಯಾಗಿತ್ತು. ಕೊನೆಗೆ ಬಾಗಿಲ ಬಳಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮೀಸೆಯ ಕಾವಲುಗಾರನನ್ನು ತನ್ನ ಹರಕು ಫ್ರೆಂಚಿನಲ್ಲಿ ಕೇಳಿದಳು:

"ಸ್ವಾಮಿ, ನಾಯಿ ಎಲ್ಲಿ?"

"ಒಳಗೆ ನಾಯಿ ಬಿಡಲ್ಲ, ಮದ್ಮ್ವಜೆಲ್."

"ಹಾಗಲ್ಲ, ಇಲ್ಲಿ ಮೊದ್ಲು ಒಂದು ನಾಯಿ ಇತ್ತಂತೆ."

"ನನ್ನ ಪಾಳಿಯಲ್ಲಂತೂ ಬಂದಿಲ್ಲ," ಎಂದು ಆತ ಮತ್ತೆ ಕಣ್ಣು ಮುಚ್ಚಿದ.

ಬೇರೆ ದಾರಿಯಿಲ್ಲದೆ ನೋರೀನ್ ಬೆಂಚಿನ ಮೇಲೆ ಕೂತು ಇದ್ದದ್ದನ್ನು ನೋಡತೊಡಗಿದಳು. ಮೊದಲ ಕಾಲು ಗಂಟೆ ಬೇಸರ. ಆಮೇಲೆ ನಿಧಾನವಾಗಿ ಚಿತ್ರ ತನ್ನನ್ನು ತಾನೇ ಬಿಚ್ಚಿಕೊಳ್ಳತೊಡಗಿತು. ನಾಯಿ ಇರಬೇಕಾದ ಮೂಲೆಯಲ್ಲಿ, ಕಲ್ಲುಹಾಸಿನ ಮೇಲೆ, ಒಂದು ಜೊತೆ ಶೂ ಇತ್ತು. ಹಳೆಯವು, ಅಚ್ಚುಕಟ್ಟಾಗಿ ಪಕ್ಕಪಕ್ಕ ಬಿಟ್ಟಂಥವು. ಯಾರದಿರಬಹುದು ಎಂದು ಕಣ್ಣು ಮೇಲೆ ಹೋಯಿತು: ಕೆಲಸದ ಹುಡುಗಿಯ ಲಂಗದ ಕೆಳಗೆ ಬರೀ ಕಾಲುಚೀಲದ ಪಾದ, ತುದಿಗಾಲಲ್ಲಿ. ಸದ್ದಾಗದಿರಲೆಂದು ಹುಡುಗಿ ಶೂ ಬಿಚ್ಚಿ ಬಂದಿದ್ದಾಳೆ! ಅವಳು ತಟ್ಟೆ ತಂದವಳಲ್ಲ, ಕದ್ದು ಕೇಳಲು ಬಂದವಳು. ಬೆಂಚಿನ ಮೇಲೆ ಒಬ್ಬಳೇ ಕೂತಿದ್ದ ನೋರೀನ್‌ಗೆ ನಗು ಬಂತು. ಇನ್ನೂರ ನಲವತ್ತು ವರ್ಷದ ಹಿಂದಿನ ಒಂದು ಗುಟ್ಟನ್ನು ಯಾರೋ ತನ್ನ ಕಿವಿಯಲ್ಲಿ ಹೇಳಿದ ಹಾಗಾಯಿತು. ಅವಳು ಒಂದು ಗಂಟೆಯ ಮೇಲೂ ಕೂತೇ ಇದ್ದಳು. ಆಮೇಲೆ ಕಂಡದ್ದನ್ನೆಲ್ಲ ಬರೆದು, ಕೊನೆಯಲ್ಲಿ ಪ್ರಾಮಾಣಿಕವಾಗಿ ಒಂದು ಸಾಲು ಸೇರಿಸಿದಳು: "ನಾಯಿ ನನಗೆ ಕಾಣಲಿಲ್ಲ. ಅದರ ಜಾಗದಲ್ಲಿ ಶೂ ಇದ್ದವು."

ಮುಂದಿನ ಮಂಗಳವಾರ ಮೇಷ್ಟ್ರು ಬರಹಗಳನ್ನು ಹಿಂತಿರುಗಿಸಿದರು. ಎಂದಿಲ್ಲದ ಹರ್ಷದಲ್ಲಿದ್ದರು. ಬ್ಲೇರ್‌ಗೆ ಹದಿನಾರು ಬಂದಿತ್ತು. ಆ ನೆಲಮಾಳಿಗೆಯಲ್ಲಿ ಅಂಥ ಅಂಕವನ್ನು ಯಾರೂ ಕಂಡಿರಲಿಲ್ಲ. ಅವಳ ಬರಹವನ್ನು ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳಿದರು: "'ಕೋಣೆಯ ಮೌನದಲ್ಲಿ ನಾನು ಒಬ್ಬಳೇ ನಿಂತಿದ್ದೆ. ನಾಯಿಯ ಒದ್ದೆ ಕಣ್ಣುಗಳು ನನ್ನ ಕಡೆ ತಿರುಗಿದವು. ಅದರ ಉಸಿರು ಕೇಳಿಸಿತು.' ಕೇಳಿದ್ರಾ? ಉಸಿರು ಕೇಳಿಸ್ತಂತೆ! ಇದು ನೋಡುವ ರೀತಿ." ಬ್ಲೇರ್ ವಿನಯದಿಂದ ತಲೆ ತಗ್ಗಿಸಿದಳು. ಕೆಫೆಯ ಇತರ ವಿದ್ವಾಂಸರಿಗೂ ಹದಿಮೂರು, ಹದಿನಾಲ್ಕು ಸಿಕ್ಕಿತ್ತು. ಒಬ್ಬನಂತೂ ನಾಯಿಯ ಬಾಲದಲ್ಲಿ ಮುಂದಿನ ನೆಪೋಲಿಯನ್ನನನ್ನೂ ಕಂಡಿದ್ದ.

ನೋರೀನ್‌ಗೆ ಐದು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: "ಶೂಗಳೇ? ಮದ್ಮ್ವಜೆಲ್, ಅದು ನಾಯಿ."

ಅವಳು ಕೈಯೆತ್ತಿದಳು. "ಮೊಸ್ಯೂ, ನಾನು ಅಲ್ಲೇ ಒಂದು ಗಂಟೆ ಕೂತಿದ್ದೆ. ನಾಯಿ ಇರ್ಲಿಲ್ಲ."

"ಇರ್ಲಿಲ್ಲ?" ಮೇಷ್ಟ್ರು ದೀಪ ಆರಿಸಿದರು. ಯಂತ್ರ ಗರ್ರೆಂದು ನಾಯಿಯನ್ನು ಗೋಡೆಗೆ ತಂದು ನಿಲ್ಲಿಸಿತು. ಮೇಷ್ಟ್ರು ಅದರ ಹೊಟ್ಟೆಗೆ ಕೋಲಿಟ್ಟರು. "ಇದೇನಿದು ಮಗಳೇ? ಶೂನಾ? ನಿಮ್ಮ ಊರಲ್ಲಿ ಶೂಗೆ ಬಾಲ ಇರುತ್ತಾ?"

ಎಲ್ಲರೂ ನಕ್ಕರು. ನಾಯಿಯ ಉಸಿರು ಕೇಳಿದವಳೂ ನಕ್ಕಳು.

ಆ ರಾತ್ರಿ ನೋರೀನ್‌ಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ತಪ್ಪು ಚಿತ್ರ ನೋಡಿದೆನೋ, ಎರಡು ಚಿತ್ರಗಳಿವೆಯೋ, ಓದಿನ ಒತ್ತಡದಲ್ಲಿ ಇರುವ ನಾಯಿ ಕಾಣದೆ ಹೋಯಿತೋ. ಹನ್ನೆರಡು ಜನರಿಗೆ ಕಂಡದ್ದು ತನಗೊಬ್ಬಳಿಗೆ ಕಾಣಲಿಲ್ಲವೆಂದರೆ ಕೊರತೆ ಎಲ್ಲಿದೆ ಎಂದು ಲೆಕ್ಕ ಹಾಕಲು ಕೊಳವೆ ಮಾರುವವನ ಮಗಳಿಗೆ ಕಷ್ಟವಾಗಲಿಲ್ಲ. ಮರುದಿನ ಅವಳು ಮತ್ತೆ ಮರೇಗೆ ಹೋದಳು. ಚಿತ್ರದಲ್ಲಿ ಶೂ. ಕೆಳಗೆ ಅಂಗಡಿಯ ಪೋಸ್ಟ್‌ಕಾರ್ಡಿನಲ್ಲಿ ನಾಯಿ. ಕಾರ್ಡನ್ನು ಕೈಯಲ್ಲಿ ಹಿಡಿದು ಮೇಲೆ ಹೋಗಿ ನೋಡುವುದು, ಕೆಳಗಿಳಿದು ಬಂದು ಇನ್ನೊಂದು ಕಾರ್ಡ್ ನೋಡುವುದು. ಹೀಗೆ ಮೆಟ್ಟಿಲು ಹತ್ತಿಳಿಯುತ್ತಿದ್ದ ಹುಡುಗಿಯನ್ನು ಕಂಡು ಬಿಳಿ ಕೂದಲ, ಕನ್ನಡಕ ಕೊರಳಿಗೆ ತೂಗುಬಿಟ್ಟ ಹೆಂಗಸೊಬ್ಬಳು ಹತ್ತಿರ ಬಂದಳು. ಅವಳೇ ಮದಾಮ್ ಕಾಂತೆಲ್.

"ಏನಮ್ಮ, ಏನು ಕಳ್ಕೊಂಡಿದೀಯ?"

"ನಾಯಿ," ಎಂದಳು ನೋರೀನ್. ಅಳು ಬರುವ ಹಾಗಿತ್ತು. ನಡೆದದ್ದನ್ನೆಲ್ಲ ಹೇಳಿದಳು.

ಮದಾಮ್ ಕಾಂತೆಲ್ ಪಕ್ಕದ ಕಂಬ ಹಿಡಿದುಕೊಂಡು ನಕ್ಕಳು. "ವೆರ್ದೆಲಾನ್ ಇನ್ನೂ ಆ ನಾಯಿ ಸಾಕ್ತಾ ಇದಾನಾ? ಅಯ್ಯೋ ದೇವರೇ! ಅದು ಹೋಗಿ ಒಂದು ವರ್ಷದ ಮೇಲಾಯ್ತಲ್ಲೇ."

"ಎಲ್ಲಿಗೆ ಹೋಯ್ತು?"

"ಹತ್ತಿ ಉಂಡೆಗೆ ಅಂಟ್ಕೊಂಡು ಬಂತು. ಹೋದ ಶತಮಾನದಲ್ಲಿ ಒಬ್ಬ ಬ್ಯಾಂಕಿನ ಸಾಹುಕಾರ ಈ ಚಿತ್ರ ಕೊಂಡ. ಅವನ ಹೆಂಡತಿಗೆ, ಕೆಲಸದವಳು ಶೂ ಬಿಚ್ಚಿ ಕದ್ದು ಕೇಳೋ ಚಿತ್ರ ತನ್ನ ಊಟದ ಕೋಣೇಲಿ ಇರೋದು ಸರಿಹೋಗ್ಲಿಲ್ಲ. ಮನೆ ಆಳುಗಳು ಕಲಿತುಬಿಟ್ರೆ? ಯಾರೋ ಬಣ್ಣದವನನ್ನ ಕರೆಸಿ, ಶೂ ಮೇಲೆ ತನ್ನ ನಾಯೀನೇ ಬರೆಸಿಬಿಟ್ಲು. ನಾವು ಚಿತ್ರ ತೊಳೆಸಿದಾಗ ಅದು ಒಂದೇ ಬೆಳಗ್ಗೆ ಕರಗಿಹೋಯ್ತು. ನಮ್ಮ ವಾರ್ತಾಪತ್ರದಲ್ಲಿ ಹಾಕಿದ್ವಿ. ಅದನ್ನ ಯಾರೂ ಓದಲ್ಲ ಬಿಡು, ನಾನೇ ಓದಲ್ಲ."

"ಮತ್ತೆ ಪೋಸ್ಟ್‌ಕಾರ್ಡು?"

"ಹಳೇವು ಪೆಟ್ಟಿಗೆಗಟ್ಟಲೆ ಉಳಿದಿವೆ. ನಾಯಿ ಇದ್ರೆ ಜನ ಕೊಳ್ತಾರೆ. ಶೂ ಯಾರು ಕೊಳ್ತಾರೆ?"

ನೋರೀನ್ ಮೆಟ್ರೋದಲ್ಲಿ ಹಾಡಿಕೊಳ್ಳುತ್ತ ಮನೆಗೆ ಬಂದಳು. ತನ್ನ ಕಣ್ಣು ಸರಿಯಾಗಿದೆ ಎಂಬ ಸುದ್ದಿ ಸಣ್ಣದೇನಲ್ಲ. ಆರು ಮಹಡಿ ಹತ್ತಿ, ಏದುಸಿರಲ್ಲಿ ಬ್ಲೇರ್‌ಗೆ ಎಲ್ಲ ಹೇಳಿದಳು. ಬ್ಲೇರ್ ಉಗುರಿಗೆ ಬಣ್ಣ ಹಚ್ಚುತ್ತಿದ್ದವಳು ಕುಂಚವನ್ನು ಸೀಸೆಯಲ್ಲೇ ಬಿಟ್ಟಳು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಮಂಗಳವಾರ ಮೇಷ್ಟ್ರಿಗೆ ಹೇಳ್ತೀನಿ."

"ನಿಂಗೆ ತಲೆ ನೆಟ್ಟಗಿದ್ಯಾ? ನಾಯಿ ಇಲ್ಲ ಅಂತ ಆದ್ರೆ ನಾವ್ಯಾರೂ ಅಲ್ಲಿಗೆ ಹೋಗೇ ಇಲ್ಲ ಅಂತ ಆಗುತ್ತೆ. ನಾನು ಅದರ ಉಸಿರು ಬೇರೆ ಕೇಳಿದೀನಿ!"

"ಅದು ನಿನ್ನ ತಪ್ಪು ತಾನೇ?"

"ನೋಡು ನೋರೀನ್, ನಿಂದು ಒಂದೇ ಒಂದು ಐದು. ನಮ್ಮದು ಎಷ್ಟು ಜನರ ಹದಿನಾಲ್ಕು! ಸ್ವಲ್ಪ ಸಮಾಜದ ಬಗ್ಗೆನೂ ಯೋಚನೆ ಮಾಡಬೇಕು ಕಣೇ."

ವಾರವಿಡೀ ಸಮಾಜ ಅವಳ ಹಿಂದೆ ಬಿತ್ತು. ಒಬ್ಬ ಕಾಫಿ ಕೊಡಿಸಿದ. ಇನ್ನೊಬ್ಬಳು ತನ್ನ ಒಳ್ಳೆಯ ಕೋಟನ್ನು ಹಾಕಿಕೊಳ್ಳಲು ಕೊಟ್ಟಳು. ಬಾಲದಲ್ಲಿ ನೆಪೋಲಿಯನ್ನನನ್ನು ಕಂಡವನು, ವಯಸ್ಸಾದ ಮೇಷ್ಟ್ರ ಮನಸ್ಸು ನೋಯಿಸುವುದು ಮಾನವೀಯತೆಯೇ ಎಂದು ಕೇಳಿದ. ಆವರೆಗೆ ಅವಳ ಹೆಸರನ್ನು ಸರಿಯಾಗಿ ಹೇಳದಿದ್ದವರೆಲ್ಲ ಈಗ ಅವಳನ್ನು ಬಹಳ ಹಚ್ಚಿಕೊಂಡರು. ನೋರೀನ್‌ಗೆ ನಿಜಕ್ಕೂ ಹಿಂಜರಿಕೆಯಾಯಿತು. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಆ ಶೂಗಳು ಕಾಣುತ್ತಿದ್ದವು. ಯಾರೋ ಒಬ್ಬ ಮನುಷ್ಯ ಅಷ್ಟು ಜತನದಿಂದ ಬರೆದದ್ದನ್ನು ಮತ್ತೊಮ್ಮೆ ನಾಯಿಯ ಕೆಳಗೆ ಹೂಳಲು ಅವಳಿಗೆ ಮನಸ್ಸಾಗಲಿಲ್ಲ.

ಮಂಗಳವಾರ ತರಗತಿ ಮುಗಿದ ಮೇಲೆ, ಮೆಟ್ಟಿಲಲ್ಲಿ ಮೇಷ್ಟ್ರನ್ನು ಒಬ್ಬರೇ ಇರುವಾಗ ಹಿಡಿದಳು. ತಗ್ಗಿದ ದನಿಯಲ್ಲಿ, ಎರಡು ಸಲ ಕ್ಷಮೆ ಕೇಳಿ, ವಿಷಯ ಹೇಳಿದಳು. ಮೇಷ್ಟ್ರ ಮುಖ ಸುಣ್ಣದಂತಾಯಿತು, ಆಮೇಲೆ ಕೆಂಪಾಯಿತು.

"ಕಾಂತೆಲ್ ಹೇಳಿದ್ಲಾ? ಅವಳು ನನ್ನ ನಾಯಿಗೆ ವಿಷ ಹಾಕೋಕೆ ಎಷ್ಟು ವರ್ಷದಿಂದ ಕಾಯ್ತಾ ಇದಾಳೆ ಗೊತ್ತಾ? ನಿನ್ನ ತಲೆ ಕೆಡಿಸಿದಾಳೆ ಅಷ್ಟೇ."

"ನಾನು ಕಣ್ಣಾರೆ ನೋಡಿದೆ, ಮೊಸ್ಯೂ."

"ನೋಡೋದು ಅಷ್ಟು ಸುಲಭ ಅಲ್ಲ ಮಗಳೇ! ಮೂವತ್ತು ವರ್ಷ ಬೇಕು!" ಎಂದು ಕೂಗಿದರು. ಮೆಟ್ಟಿಲ ಮೇಲಿಂದ ಯಾರೋ ಬಗ್ಗಿ ನೋಡಿದರು. ಮೇಷ್ಟ್ರು ಮಫ್ಲರ್ ಬಿಗಿ ಮಾಡಿಕೊಂಡರು. "ಸರಿ. ಈ ಶುಕ್ರವಾರ ಎಲ್ಲರೂ ಬನ್ನಿ. ನಾನೇ ಬಂದು ತೋರಿಸ್ತೀನಿ."

ಆ ಶುಕ್ರವಾರ ಪ್ಯಾರಿಸ್ಸಿನ ಹವೆ ಅಮೆರಿಕದ ಮಕ್ಕಳಿಗೆ ಒಗ್ಗಲಿಲ್ಲ. ಹಲವರಿಗೆ ನೆಗಡಿ, ಕೆಲವರಿಗೆ ಹೊಟ್ಟೆನೋವು, ನೆಪೋಲಿಯನ್ನನ ಹುಡುಗನಿಗೆ ಎರಡೂ. ಮ್ಯೂಸಿಯಮ್ಮಿನ ಬಾಗಿಲಿಗೆ ಬಂದವರು ನೋರೀನ್ ಮತ್ತು ಬ್ಲೇರ್ ಇಬ್ಬರೇ. ಏನಾಗುತ್ತದೆಂದು ಕಣ್ಣಾರೆ ನೋಡಿಯೇ ಸುಳ್ಳು ಹೊಂದಿಸೋಣವೆಂದು ಬ್ಲೇರ್ ಬಂದಿದ್ದಳು. ಮೇಷ್ಟ್ರು ಯಾವತ್ತಿಗಿಂತ ಜೋರಾಗಿ ಮೆಟ್ಟಿಲು ಹತ್ತಿದರು. ಆದರೆ ಕೊನೆಯ ಕೋಣೆಯ ಬಾಗಿಲಲ್ಲಿ ಅವರ ಹೆಜ್ಜೆ ನಿಧಾನವಾಯಿತು. ಕೋಟಿನ ಜೇಬಿನಿಂದ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಚಿತ್ರದ ಎದುರು ನಿಂತರು.

ಮೀಸೆಯ ಕಾವಲುಗಾರ ಕೂಡ ಎದ್ದು ಕೂತ.

ಮೇಷ್ಟ್ರು ಮುಂದೆ ಬಾಗಿದರು. ಇನ್ನೂ ಬಾಗಿದರು. ಆಮೇಲೆ, ಕಾರ್ಡುರಾಯ್ ಪ್ಯಾಂಟಿನ ಪರಿವೆಯಿಲ್ಲದೆ, ಚಿತ್ರದ ಮೂಲೆಯೆದುರು ನೆಲಕ್ಕೆ ಮಂಡಿಯೂರಿದರು. ಅದನ್ನು ನೋಡಲಾಗದೆ ನೋರೀನ್ ಕಿಟಕಿಯ ಕಡೆ ತಿರುಗಿದಳು. ತಾನು ಗೆದ್ದೆನೆಂಬ ಖುಷಿ ಬರಬೇಕಿತ್ತು. ಬಂದದ್ದು ಯಾರದೋ ಮನೆಯ ಸಾವಿಗೆ ಹೋದಂಥ ಸಂಕಟ. ಪಕ್ಕದ ಕೋಣೆಯ ಬಾಗಿಲಲ್ಲಿ ಮದಾಮ್ ಕಾಂತೆಲ್ ನಿಂತಿದ್ದಳು. ವರ್ಷಗಟ್ಟಲೆ ಕಾದ ತಮಾಷೆಯನ್ನು ನೋಡಲೆಂದೇ ಬಂದವಳು, ಮಂಡಿಯೂರಿದ ಮೇಷ್ಟ್ರ ಬೆನ್ನನ್ನು ನೋಡಿ, ತುಟಿ ಬಿಗಿಹಿಡಿದು, ಬಂದ ಹಾಗೇ ಹೊರಟುಹೋದಳು.

"ನಾನು ಬಂದಾಗ ಇತ್ತು," ಎಂದಳು ಬ್ಲೇರ್.

ಮೇಷ್ಟ್ರು ಕೂತಲ್ಲಿಂದಲೇ ನೋರೀನ್‌ಳನ್ನು ಕೇಳಿದರು: "ಹಿಮ್ಮಡಿ ನೋಡಿದ್ಯಾ ನೀನು?"

"ಯಾರ ಹಿಮ್ಮಡಿ, ಮೊಸ್ಯೂ?"

"ಶೂದು. ಒಂದೇ ಕಡೆ ಸವೆದಿದೆ. ಎಡಗಡೆ ಭಾರ ಹೊರೋಳು ಈ ಹುಡುಗಿ. ನೀರಿನ ಬಿಂದಿಗೆ." ಅವರ ದನಿ ಬೇರೆಯಾಗಿತ್ತು. ಕೋಲಿಲ್ಲ, ಕೂಗಿಲ್ಲ. "ಮತ್ತೆ ಅವಳ ಕಿವಿ ನೋಡು, ಕೆಂಪಾಗಿದೆ. ಬೇಡದ ಮಾತು ಬಿದ್ದಿದೆ ಅದಕ್ಕೆ. ಯಜಮಾನಿಗೆ ಗೊತ್ತು ಇವಳು ನಿಂತಿರೋದು. ಬಟ್ಟಲು ತುಟಿಗೆ ತಂದಿದಾಳೆ, ಕುಡೀತಿಲ್ಲ. ಕಣ್ಣು ಎಲ್ಲಿದೆ ನೋಡು, ಬಾಗಿಲ ಕಡೆ. ಗೊತ್ತಿಲ್ಲದೋನು ಇಲ್ಲಿ ಒಬ್ಬನೇ, ಆ ಪಾದ್ರಿ. ಮಾತಾಡ್ತಾನೇ ಇದಾನೆ, ಪಾಪ. ತನ್ನ ಮಾತು ಕೇಳ್ತಾ ಇದಾರೆ ಅಂದ್ಕೊಂಡಿದಾನೆ."

ಮೇಷ್ಟ್ರು ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿಕೊಂಡರು. ನೋರೀನ್ ಅವರ ಪಕ್ಕ ನೆಲದ ಮೇಲೆ ಕೂತಳು. ಕಾವಲುಗಾರ ನೆಲದ ಮೇಲೆ ಕೂರಬಾರದೆಂಬ ನಿಯಮವನ್ನು ಹೇಳಲು ಬಾಯಿ ತೆರೆದು, ಹೇಳದೆ ಸುಮ್ಮನಾದ. ಆ ಮಧ್ಯಾಹ್ನ ಇಬ್ಬರೂ ಚಿತ್ರವನ್ನು ಗೇಣು ಗೇಣಾಗಿ ನೋಡಿದರು. ಒಂದು ಅವಳು ತೋರಿಸಿದರೆ ಒಂದು ಅವರು ತೋರಿಸುವರು. ಶೂಗಳ ಮೇಲೆ ಬಿದ್ದ ಬೆಳಕಿನ ಗೆರೆ ಬಾಗಿಲಿನಿಂದ ಬಂದದ್ದೆಂದು ಅವಳು ಕಂಡುಹಿಡಿದಳು; ಹಾಗಿದ್ದರೆ ಬಾಗಿಲಾಚೆಯ ಕೋಣೆಯಲ್ಲಿ ಕಿಟಕಿ ತೆರೆದಿದೆ, ಅಲ್ಲಿ ಇನ್ನೂ ಯಾರೋ ಇರಬಹುದು ಎಂದು ಅವರು ಹೇಳಿದರು. ಮಾತಿನಲ್ಲಿ ಧರ್ಮ ಬರಲಿಲ್ಲ, ನಿಷ್ಠೆ ಬರಲಿಲ್ಲ, ಕ್ರಾಂತಿ ಅಂತೂ ಸುಳಿಯಲೇ ಇಲ್ಲ. ಕರಪತ್ರದಲ್ಲಿ ಅಚ್ಚು ಹಾಕಿಸಿದ್ದ ಪಾಠ ನಿಜವಾಗಿ ನಡೆದದ್ದು ಆ ಒಂದು ದಿನ.

"ಇದನ್ನೆಲ್ಲ ಬರ್ಕೋಬೇಕಾ?" ಎಂದು ಬ್ಲೇರ್ ನಡುವೆ ಕೇಳಿದಳು.

"ಬೇಡ," ಎಂದರು ಮೇಷ್ಟ್ರು, ತಿರುಗಿ ನೋಡದೆ.

ಮುಂದಿನ ಮಂಗಳವಾರ ನೋರೀನ್ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಮೇಷ್ಟ್ರು ಬಂದರು. ಗಡ್ಡ ನೀಟಾಗಿ ಬೋಳಿಸಿದ್ದರು, ಕೈಯಲ್ಲಿ ಕೋಲಿತ್ತು. ದೀಪ ಆರಿತು, ಯಂತ್ರ ಗರ್ರೆಂದಿತು, ಗೋಡೆಯ ಮೇಲೆ ನಾಯಿ ಬಂತು.

"ಈ ನಾಯಿ," ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, "ಇತ್ತೀಚೆಗೆ ಕಾಣೆಯಾಗಿದೆ. ಇಷ್ಟು ದಿನ ಅದರ ಇರುವಿಕೆಯ ಅರ್ಥ ಹೇಳ್ತಿದ್ದೆ. ಈಗ ಅದರ ಇಲ್ಲದಿರುವಿಕೆಯ ಅರ್ಥ ಹೇಳ್ತೀನಿ. ಇದು ಇನ್ನೂ ಆಳವಾದದ್ದು. ಒಂದು ಶತಮಾನ ಯಾವುದನ್ನ ಮುಚ್ಚುತ್ತೆ? ತನಗೆ ಭಯ ಆದದ್ದನ್ನ. ಭಯ ಯಾವುದರದ್ದು?"

"ಕ್ರಾಂತಿದು!" ಎಂದಿತು ತರಗತಿ, ಒಕ್ಕೊರಲಿನಿಂದ, ಬಹಳ ನೆಮ್ಮದಿಯಿಂದ.

"ಭೇಷ್."

ಅಂಕಗಳ ನ್ಯಾಯವೂ ಅಂದೇ ಆಯಿತು. ಬ್ಲೇರ್ ಚಿತ್ರದ 'ಚಾರಿತ್ರಿಕ ಸ್ಥಿತಿ'ಯನ್ನು ವರ್ಣಿಸಿದ್ದರಿಂದ ಅವಳ ಹದಿನಾರು ಹಾಗೇ ಉಳಿಯಿತು. ಹಾಗೆ ನೋಡಿದರೆ, ಕಣ್ಣೆದುರು ಇಲ್ಲದ ನಾಯಿಯ ಉಸಿರನ್ನು ಕೇಳಿದ್ದು ಅವಳ ಸಂವೇದನೆಗೆ ಸಾಕ್ಷಿ ಎಂದು ಮೇಷ್ಟ್ರು ಒಂದು ಮಾತು ಸೇರಿಸಿದರು. ಬ್ಲೇರ್ ಮತ್ತೊಮ್ಮೆ ವಿನಯದಿಂದ ತಲೆ ತಗ್ಗಿಸಿದಳು. ನೋರೀನ್‌ಗೆ ಐದು ಹೋಗಿ ಹತ್ತಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾಳೆ, ಆದರೆ ವಿಚಾರದ ಆಳವಿಲ್ಲ, ಎಂದು ಕಾರಣ ಕೊಟ್ಟರು. ಹೇಳುವಾಗ ಅವಳ ಮುಖ ನೋಡಲಿಲ್ಲ. ಕ್ರಿಸ್ಮಸ್ಸಿಗೆ ಮುಂಚೆಯೇ ವಿದ್ವತ್ ಪತ್ರಿಕೆಯೊಂದರಲ್ಲಿ 'ಇಲ್ಲದ ನಾಯಿ' ಎಂಬ ಅವರ ದೀರ್ಘ ಲೇಖನ ಬಂತು. ಅದರಲ್ಲಿ ಶೂಗಳ ಹಿಮ್ಮಡಿಯ ಸವೆತದ ಬಗ್ಗೆ ಒಂದೇ ಒಂದು ಸಾಲಿತ್ತು, ಅದೂ ಅಡಿಟಿಪ್ಪಣಿಯಲ್ಲಿ. ಲೇಖನವನ್ನು ವಿದ್ವಾಂಸರು ಬಹಳ ಮೆಚ್ಚಿಕೊಂಡರಂತೆ. ಯಾವುದೋ ಊರಿನ ವಿಶ್ವವಿದ್ಯಾಲಯ ಭಾಷಣಕ್ಕೂ ಕರೆಸಿತು.

ನೋರೀನ್ ಜಗಳಕ್ಕೆ ಹೋಗಲಿಲ್ಲ. ಮೊದಲೆರಡು ದಿನ ಬಹಳ ಸಿಟ್ಟಿತ್ತು. ಆಮೇಲೆ, ಆ ಶುಕ್ರವಾರ ಮಂಡಿಯೂರಿ ಕೂತಿದ್ದ ಮನುಷ್ಯ ಬೇರೆ, ಕೋಲು ಹಿಡಿದವರು ಬೇರೆ, ಮೊದಲನೆಯವನು ಇವರೊಳಗೆ ಎಲ್ಲೋ ಶೂ ಬಿಚ್ಚಿಟ್ಟು ಅಡಗಿದ್ದಾನೆ ಎಂದುಕೊಂಡು ಸಮಾಧಾನಪಟ್ಟಳು. ಹಾಗೆಂದುಕೊಳ್ಳಲು ಅವಳಿಗೆ ಪುರಾವೆ ಏನೂ ಇರಲಿಲ್ಲ.

ಡಿಸೆಂಬರಿನ ಕೊನೆಯ ಭೇಟಿ ಲೂವ್ರ್‌ಗೆ. ಅಂಗಳವನ್ನೆಲ್ಲ ಅಗೆದು ಗಾಜಿನ ಗೋಪುರ ಕಟ್ಟುತ್ತಿದ್ದರು; ಹಲಗೆಯ ಕಾಲುದಾರಿಯಲ್ಲಿ ಕೆಸರು ತುಳಿಯುತ್ತ ಹೋಗಬೇಕು. ಮೇಷ್ಟ್ರು ಅಂದು ಇಡೀ ಫ್ರೆಂಚ್ ವಿಭಾಗವನ್ನು ಮುಗಿಸುವ ಪಣ ತೊಟ್ಟಿದ್ದರು. "ನೋಡಿ!" ಎನ್ನುವರು, ಓಡುವರು. ಎರಡನೇ ಕೋಣೆಯಲ್ಲಿ ನೋರೀನ್ ಒಂದು ಸಣ್ಣ ಚಿತ್ರದೆದುರು ನಿಂತಳು. ತಾಮ್ರದ ಪಾತ್ರೆ, ಮೂರು ಮೊಟ್ಟೆ, ಒಂದು ಈರುಳ್ಳಿ. ಯಾರು ಬರೆದದ್ದೆಂದು ಅವಳು ಓದಲಿಲ್ಲ. ಮೊಟ್ಟೆಗಳಲ್ಲೊಂದರ ನೆರಳು ಉಳಿದೆರಡರ ನೆರಳಿಗಿಂತ ಬೆಚ್ಚಗಿತ್ತು. ಯಾಕೆ ಎಂದು ತಿಳಿಯಲಿಲ್ಲ. ತಂಡದ ಬೂಟುಗಳ ಸದ್ದು ಮುಂದಿನ ಕೋಣೆಗೆ, ಅದರ ಮುಂದಿನದಕ್ಕೆ ಹೋಗಿ ಕರಗಿತು. ಅವಳು ಬೆಂಚಿನ ಮೇಲೆ ಕೂತಳು.

ಎಷ್ಟೋ ಹೊತ್ತಿನ ಮೇಲೆ ಮೇಷ್ಟ್ರು ಏದುಸಿರು ಬಿಡುತ್ತ ಹುಡುಕಿಕೊಂಡು ಬಂದರು. "ಏನಿದು ಮದ್ಮ್ವಜೆಲ್ ಕುಬಿಚೆಕ್! ನಾವು ಆಗಲೇ ಮುಂದಿನ ಶತಮಾನದಲ್ಲಿ ಇದೀವಿ!"

"ಆ ನೆರಳು ಯಾಕೆ ಹಾಗಿದೆ ಅಂತ ನೋಡ್ತಿದೀನಿ, ಮೊಸ್ಯೂ."

ಮೇಷ್ಟ್ರು ಚಿತ್ರದ ಕಡೆ ಕಣ್ಣು ಹಾಯಿಸಿದರು. ಹಾಯಿಸಿದ ಕಣ್ಣನ್ನು ಅಲ್ಲಿಂದ ತೆಗೆಯಲಿಲ್ಲ. ಬೆಂಚಿನ ಅಂಚಿಗೆ ಬಂದು, ಅರ್ಧ ಕೂತರು. ದೂರದಿಂದ ಬ್ಲೇರ್‌ಳ ದನಿ ಕೇಳಿಸಿತು: "ಮೇಷ್ಟ್ರು ಎಲ್ಲಿ? ನಮ್ಮನ್ನ ಯಾವಾಗ ಬಿಡ್ತಾರಂತೆ?" ಮೇಷ್ಟ್ರು ಎದ್ದರು, ಮಫ್ಲರ್ ಸರಿಮಾಡಿಕೊಂಡರು.

"ನೀನು ನೋಡ್ತಿರು," ಎಂದರು. "ಅವರಿಗೆ ಹತ್ತೊಂಬತ್ತನೇ ಶತಮಾನ ತೋರಿಸಿ ಬಂದುಬಿಡ್ತೀನಿ. ಹತ್ತು ನಿಮಿಷ."

ಅವರು ಬರಲಿಲ್ಲ. ನೋರೀನ್ ಕಾಯಲೂ ಇಲ್ಲ. ಮುಚ್ಚುವ ಗಂಟೆ ಹೊಡೆದು ಕಾವಲಿನವರು ದೀಪ ಆರಿಸತೊಡಗುವವರೆಗೆ ಅವಳು ಆ ಮೊಟ್ಟೆಯನ್ನೇ ನೋಡುತ್ತ ಕೂತಿದ್ದಳು.